ನಿನ್ನೆ ಹಿಡಿಸಿದ್ದು ಇಂದೇಕೆ ಹಿಡಿಸುವುದಿಲ್ಲ?

"ನಿನ್ನೆ ತಿಂದಿದ್ದಳಲ್ಲ, ಇವತ್ತೇನಾಯಿತು?" ಈ ಮಾತನ್ನು ನೀವು ಕೇಳಿರಬಹುದು, ಇಲ್ಲವೇ ನೀವೇ ಆಡಿರಬಹುದು. ಮದುವೆ ಮನೆಯಲ್ಲಿ ಅತ್ತರಿನ ಪರಿಮಳ ತಡೆಯಲಾಗದೆ ಸೊಸೆ ಹೊರಗೆ ಹೋಗಿ ನಿಲ್ಲುತ್ತಾಳೆ. ಒಗ್ಗರಣೆಯ ಘಾಟಿಗೆ ನಾದಿನಿ ತಲೆ ಹಿಡಿದುಕೊಂಡು ಕೂರುತ್ತಾಳೆ. ಹಿಂದಿನ ವಾರ ಇದೇ ಅತ್ತರು, ಇದೇ ಒಗ್ಗರಣೆ ಅವರಿಗೆ ಏನೂ ಮಾಡಿರಲಿಲ್ಲ. ಆದ್ದರಿಂದ ನಾವು ಅದಕ್ಕೆ 'ನಾಟಕ' ಎಂದು ಸುಲಭವಾಗಿ ಹೆಸರಿಡುತ್ತೇವೆ.

ಸಹೋದರಿಯರೇ, ಅದು ನಾಟಕವಲ್ಲ. ಅರೆತಲೆನೋವು, ಉಬ್ಬಸದಂತಹ ದೀರ್ಘಕಾಲದ ತೊಂದರೆ ಇರುವವರಲ್ಲಿ ಸಹಿಸುವ ಶಕ್ತಿ ಒಂದೇ ಸಮನಾಗಿರುವುದಿಲ್ಲ. ಅದನ್ನು ನೀರು ತುಂಬುವ ಕೊಡಕ್ಕೆ ಹೋಲಿಸಬಹುದು. ನಿದ್ರೆಗೆಟ್ಟ ರಾತ್ರಿ, ತಪ್ಪಿದ ಊಟ, ಮುಟ್ಟಿನ ದಿನಗಳು, ಮನಸ್ಸಿನ ಚಿಂತೆ ಎಲ್ಲವೂ ಕೊಡವನ್ನು ತುಂಬಿಸುತ್ತವೆ. ಖಾಲಿ ಕೊಡಕ್ಕೆ ಒಂದು ಲೋಟ ನೀರು ಸುರಿದರೆ ತಿಳಿಯುವುದೇ ಇಲ್ಲ. ತುಂಬಿದ ಕೊಡಕ್ಕೆ ಅದೇ ಲೋಟ ಸುರಿದರೆ ಚೆಲ್ಲುತ್ತದೆ. ನಮಗೆ ಕಾಣುವುದು ಕೊನೆಯ ಲೋಟ ಮಾತ್ರ. ಆದ್ದರಿಂದ 'ಏನು ತಿಂದೆ?' ಎಂಬುದರ ಜೊತೆಗೆ 'ರಾತ್ರಿ ನಿದ್ರೆ ಬಂತೇ?' ಎಂದೂ ಕೇಳಬೇಕು.

ನಮ್ಮ ಶ್ರೀಮಂಗಲದ ಕಡೆ ಋತುವೂ ಈ ಕೊಡಕ್ಕೆ ನೀರು ಸುರಿಯುತ್ತದೆ. ಮಾರ್ಚ್-ಎಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ತೋಟಗಳು ಬೆಳ್ಳಗೆ ಅರಳುತ್ತವೆ. ಎಲ್ಲರೂ ಮೆಚ್ಚುವ ಆ ಪರಿಮಳಕ್ಕೆ ಕೆಲವರು ಕಿಟಕಿ ಮುಚ್ಚಬೇಕಾಗುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿದ ಮನೆಯೊಳಗೆ ಒಲೆಯ ಹೊಗೆ, ಗೋಡೆಯ ಬೂಸ್ಟು, ಸೊಳ್ಳೆಬತ್ತಿ ಎಲ್ಲವೂ ಸೇರುತ್ತವೆ. ಬೇಸಿಗೆಯಲ್ಲಿ ಸಾಂಬ್ರಾಣಿಯ ಹೊಗೆ ಸಹಿಸಿದ ಉಬ್ಬಸದವರಿಗೆ ಆಗ ಅದು ಕಷ್ಟವಾದರೆ ಆಶ್ಚರ್ಯವಿಲ್ಲ.

ಇದು ಯಾರೋ ಒಬ್ಬಿಬ್ಬರ ಪಾಡಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ಮಂದಿಯನ್ನು ವಿಚಾರಿಸಿ ನಿಮ್ಹಾನ್ಸ್ ತಜ್ಞರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಅರೆತಲೆನೋವು ಕಾಡಿತ್ತು. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಅದು ಹೆಚ್ಚು.

ಹಾಗೆಂದು ಒಮ್ಮೆ ತೊಂದರೆ ಕೊಟ್ಟದ್ದನ್ನೆಲ್ಲ ಜೀವನಪೂರ್ತಿ ಬಿಡಬೇಕೆಂದೇನೂ ಇಲ್ಲ. ಹಾಗೆ ಬಿಡುತ್ತಾ ಹೋದರೆ ತಟ್ಟೆಯಲ್ಲಿ ಗಂಜಿ ಮಾತ್ರ ಉಳಿದೀತು. ಅರೆತಲೆನೋವು ಬರುವ ಮೊದಲೇ ಕೆಲವರಿಗೆ ಸಿಹಿ ತಿನ್ನುವ ಆಸೆ ಹುಟ್ಟುತ್ತದೆ, ವಾಸನೆ ತೀಕ್ಷ್ಣವೆನಿಸುತ್ತದೆ. ಅದು ನೋವಿನ ಕಾರಣವಲ್ಲ, ಅದರ ಆರಂಭ. ನಾವು ಮಾತ್ರ ಚಾಕಲೇಟನ್ನು ದೂರುತ್ತೇವೆ!

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಊಟ, ನಿದ್ರೆ, ಮುಟ್ಟಿನ ದಿನ, ವಾಸನೆ, ನೋವು ಬಂದ ಹೊತ್ತು ಇಷ್ಟನ್ನು ಎರಡು ಮೂರು ತಿಂಗಳು ಬರೆಯಿರಿ. ಅದನ್ನು ವೈದ್ಯರಿಗೆ ತೋರಿಸಿ. ಬಿಟ್ಟ ಆಹಾರವನ್ನು ಮತ್ತೆ ಆರಂಭಿಸುವುದಾದರೆ ಒಮ್ಮೆಗೆ ಒಂದನ್ನೇ, ಸ್ವಲ್ಪವೇ ತಿಂದು ನೋಡಿ. ಆದರೆ ಸಿಗಡಿ, ಕಡಲೆಕಾಯಿ ಮುಂತಾದವನ್ನು ತಿಂದಾಗ ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟಿದ್ದರೆ ಅದು ಅಲರ್ಜಿ. ಮನೆಯಲ್ಲಿ ಅದರ ಪರೀಕ್ಷೆ ಖಂಡಿತ ಬೇಡ. ತಲೆನೋವಿನ ಮಾತ್ರೆಯನ್ನು ತಿಂಗಳಲ್ಲಿ ಅರ್ಧ ದಿನಗಳಷ್ಟು ನುಂಗಿದರೆ ಅದರಿಂದಲೇ ತಲೆನೋವು ಬರಬಹುದು ಎಂಬುದೂ ನೆನಪಿರಲಿ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ರಮಝಾನಿನ ಮೊದಲ ದಿನ ಒಮ್ಮೆಲೇ ನಿಲ್ಲಿಸಿದರೆ ತಲೆ ಸಿಡಿಯುತ್ತದೆ. ಶಅಬಾನ್‌ನಲ್ಲಿಯೇ ಒಂದೊಂದು ಲೋಟ ಕಡಿಮೆ ಮಾಡುತ್ತಾ ಬನ್ನಿ.

ಇನ್ನು ಮನೆಯವರ ಜವಾಬ್ದಾರಿ. ಪ್ರವಾದಿ(ಸ)ರ ಮುಂದೆ ಒಮ್ಮೆ ಉಡದ ಮಾಂಸ ಇಟ್ಟಾಗ ಅವರು ಕೈ ಹಿಂದೆಗೆದರು. ಅದು ನಿಷಿದ್ಧವಲ್ಲ, ತಮ್ಮ ನಾಡಿನಲ್ಲಿ ರೂಢಿಯಿಲ್ಲದ್ದರಿಂದ ತಮಗೆ ಹಿಡಿಸದು ಎಂದು ತಿಳಿಸಿದರು. ಪಕ್ಕದಲ್ಲಿದ್ದ ಖಾಲಿದ್ ಬಿನ್ ವಲೀದ್(ರ) ಅದನ್ನೇ ತಿಂದರು. ಯಾರೂ ಯಾರನ್ನೂ ಒತ್ತಾಯಿಸಲಿಲ್ಲ, ಹಂಗಿಸಲಿಲ್ಲ. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂಬ ಆದೇಶವೂ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಇನ್ನೊಬ್ಬರ ಮೂಗಿಗಾಗುವ ಕಷ್ಟ ನಮ್ಮ ಧರ್ಮದಲ್ಲಿ ಸಣ್ಣ ವಿಷಯವಲ್ಲ.

ಆದ್ದರಿಂದ ಇಂದು ಬೇಡವೆಂದವಳಿಗೆ ಒಂದು ಬಟ್ಟಲು ಒಗ್ಗರಣೆ ಹಾಕದ ಸಾರು ತೆಗೆದಿಡಿ. ನಾಳೆ ಅವಳೇ ಕೈಚಾಚಿ ಬಿರಿಯಾನಿ ಬಡಿಸಿಕೊಂಡರೆ, ಹಳೆಯ ಮಾತು ಎತ್ತದೆ ಬಡಿಸಿ.