ತೋಟದ ಶಾಲೆಯ ಮೂರನೇ ತರಗತಿ

ಬೆಳಗಾವಿ ಜಿಲ್ಲೆ ಕಾಗವಾಡ ತಾಲ್ಲೂಕಿನ ಐನಾಪುರದ ಪೇಟೆ ದಾಟಿ ಕಬ್ಬಿನ ಹೊಲಗಳ ನಡುವಿನ ದಾರಿಗೆ ಇಳಿದರೆ, ಅಗಸಿ ಓಣಿಗಳಿಲ್ಲದ ಇನ್ನೊಂದು ಊರು ಶುರುವಾಗುತ್ತದೆ. ಕೃಷ್ಣೆಯ ನೀರು ಪೈಪಿನಲ್ಲಿ ಹೊಲ ಮುಟ್ಟುತ್ತಿದ್ದಂತೆ ಮನೆತನಗಳು ಊರೊಳಗಿನ ಗಾವಠಾಣ ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡವು. ಮಕ್ಕಳ ಬೆನ್ನಿಗೆ ಶಾಲೆಯೂ ತೋಟಕ್ಕೆ ಬಂತು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಸೀಮೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಫಲಕ ಓದುತ್ತ ಹೋದರೆ ಒಂದು ಮನೆತನದ ಹೆಸರು, ಅದರ ಮುಂದೆ ‘ತೋಟ’ ಎಂಬ ಶಬ್ದ ಮತ್ತೆ ಮತ್ತೆ ಸಿಗುತ್ತವೆ. ಒಂದರಿಂದ ಐದನೇ ತರಗತಿ, ಎರಡೋ ಮೂರೋ ಕೋಣೆ, ಇಬ್ಬರು ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗೆ ಕೊಡುವುದೂ ಇಬ್ಬರನ್ನೇ.

ಪ್ರಾಥಮಿಕ ಶಾಲೆಯ ಮಕ್ಕಳು ಈಚೆಗೆ ಏನು ಕಲಿಯುತ್ತಿದ್ದಾರೆ ಎಂದು ಕೇಳಿದರೆ ಸುತ್ತೋಲೆಗಳನ್ನು ಓದಿ ಉತ್ತರ ಹೇಳಬಹುದು. ನಾನು ತೋಟದ ಶಾಲೆಯ ಮೂರನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿ ಎನ್ನುತ್ತೇನೆ. ಮೊದಲ ಮೂರು ತರಗತಿಗಳ ಕಲಿಕಾ ಪದ್ಧತಿಯಾದ ನಲಿ-ಕಲಿ ಮುಗಿಯುವುದು ಆ ತರಗತಿಯಲ್ಲಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ‘ನಿಪುಣ ಭಾರತ’ ಕೂಡ ಗೆರೆ ಎಳೆದಿರುವುದು ಅಲ್ಲೇ: 2026–27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಬರೆಯಲು, ಸರಳ ಲೆಕ್ಕ ಮಾಡಲು ಬರಬೇಕು. ಆ ಗಡುವು ಈಗ ಎದುರಿಗೇ ಇದೆ.

ನಲಿ-ಕಲಿಯ ಹುಟ್ಟನ್ನು ನೆನೆದರೆ ಅದು ತೋಟದ ಶಾಲೆಗಳಿಗೆಂದೇ ಬಂದಂತಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಒಬ್ಬರೇ ಶಿಕ್ಷಕರಿರುವ ಹಳ್ಳಿಶಾಲೆಗಳು ನಡೆಯುವ ರೀತಿಯನ್ನು ನೋಡಿ ಬಂದರು. ಪಾಠವನ್ನು ಚೂರು ಚೂರಾಗಿ ಕಾರ್ಡುಗಳಿಗೆ ಇಳಿಸಿದರು, ಗೋಡೆಗೆ ಕಲಿಕಾ ಏಣಿ ಅಂಟಿಸಿದರು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಿನ ಗುರುತಿರುವ ತಟ್ಟೆಗಳ ಸುತ್ತ ಕೂತು, ಒಬ್ಬರು ಅಕ್ಕೋರ ಹತ್ತಿರ, ಒಬ್ಬರು ಗೆಳತಿಯ ಹತ್ತಿರ, ಇನ್ನೊಬ್ಬರು ತಮ್ಮಷ್ಟಕ್ಕೆ ತಾವೇ ಕಲಿಯುವ ಏರ್ಪಾಡು ಅದು. ಜಾತ್ರೆಗೆಂದು ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ಮರಳಿ ಬಂದಾಗ ಪಾಠ ಮುಂದೆ ಹೋಗಿರುವುದಿಲ್ಲ. ಮಗು ನಿಂತ ಮೆಟ್ಟಿಲಲ್ಲೇ ಪಾಠ ಕಾಯುತ್ತಿರುತ್ತದೆ. 2009–10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಅಜ್ಜ–ಅಜ್ಜಿಯರಿಗೆ ಇಂದಿಗೂ ಒಗ್ಗದ ಸಂಗತಿಯೊಂದಿದೆ. ಮೊಮ್ಮಗ ಅ ಆ ಇ ಈ ಎನ್ನುವ ಬದಲು ರ ಗ ಸ ದ ಅ ಎನ್ನುತ್ತಾನೆ. ಆದರೆ ಈ ಐದೇ ಅಕ್ಷರಗಳಲ್ಲಿ ಏನೇನು ಅಡಗಿದೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ಇಡೀ ವರ್ಣಮಾಲೆ ಬಾಯಿಪಾಠ ಮಾಡಿದ ಮೇಲೆ ಮೊದಲ ಶಬ್ದ ಓದುತ್ತಿದ್ದ ನಮ್ಮ ಕಾಲದ ಮಗುವಿಗೆ ಹೋಲಿಸಿದರೆ, ಇಂದಿನ ಮಗು ಮೊದಲ ವಾರಗಳಲ್ಲೇ ಓದತೊಡಗುತ್ತದೆ. ಕಬ್ಬಿನ ಸೀಮೆಯ ಮಗು ಪಾಟಿಯ ಮೇಲೆ ಮೊದಮೊದಲು ಬರೆಯುವ ಶಬ್ದಗಳಲ್ಲಿ ‘ರಸ’ವೂ ಒಂದು ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಹಾಗಾದರೆ ಮೂರನೇ ತರಗತಿಯ ಕೊನೆಯಲ್ಲಿ ಓದು ಏಕೆ ಕುಂಟುತ್ತಿದೆ? ‘ಅಸರ್’ ಸಮೀಕ್ಷೆಯ ಕಾರ್ಯಕರ್ತರು ಹಳ್ಳಿಮನೆಗಳಿಗೆ ಹೋಗಿ ಒಂದೊಂದೇ ಮಗುವನ್ನು ಕೂರಿಸಿಕೊಂಡು ಓದಿಸುತ್ತಾರೆ. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ, ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು 2018ರಲ್ಲಿ ಶೇ 20.9ರಷ್ಟಿದ್ದರು. ಕೋವಿಡ್ ನಂತರ, 2022ರಲ್ಲಿ, ಅದು ಶೇ 16.3ಕ್ಕೆ ಕುಸಿಯಿತು. 2024ರಲ್ಲಿ ಶೇ 23.4ಕ್ಕೆ ಏರಿತು. ಚೇತರಿಕೆ ನಿಜ, ಅದರ ಹಿಂದೆ ಶಿಕ್ಷಕರ ದುಡಿಮೆಯಿದೆ. ಆದರೂ ನಾಲ್ಕರಲ್ಲಿ ಮೂರು ಮಕ್ಕಳು ಹಿಂದಿನ ವರ್ಷದ ಪಾಠವನ್ನು ಸರಾಗವಾಗಿ ಓದಲಾರದೆ ನಾಲ್ಕನೇ ತರಗತಿಗೆ ಹೋಗುತ್ತಿದ್ದಾರೆ. ಐದನೇ ತರಗತಿಯಲ್ಲೂ ಅದೇ ಎರಡನೇ ತರಗತಿಯ ಪಾಠ ಓದಬಲ್ಲವರು 2024ರಲ್ಲಿ ಶೇ 44.8 ಮಾತ್ರ.

ನಾಲ್ಕನೇ ತರಗತಿಯ ಹೊಸ್ತಿಲು ಬಹಳ ಎತ್ತರದ್ದು. ಅಲ್ಲಿಯವರೆಗೆ ಕಾರ್ಡು, ಚಿತ್ರ, ಎರಡು ಮೂರು ಸಾಲು. ಜೂನ್ ಬಂದೊಡನೆ ಕೈಗೆ ಪಠ್ಯಪುಸ್ತಕ: ಪುಟಗಟ್ಟಲೆ ಗದ್ಯ, ಪರಿಸರ ಅಧ್ಯಯನದ ಪರಿಭಾಷೆ, ಒತ್ತಕ್ಷರಗಳ ಸಾಲು. ಹೊಸ್ತಿಲಿಗೊಂದು ಮೆಟ್ಟಿಲು ಬೇಕು. ಹತ್ತು ಸಾಲಿನ ಕಥೆ, ಆಮೇಲೆ ಇಪ್ಪತ್ತು ಸಾಲಿನದು, ಆಮೇಲೆ ಒಂದು ಪುಟ್ಟ ಪುಸ್ತಕ. ಮಗು ಅದನ್ನು ತನ್ನ ಪಾಡಿಗೆ, ಪ್ರಶ್ನೋತ್ತರದ ಭಯವಿಲ್ಲದೆ ಓದಬೇಕು. ಎಷ್ಟೋ ಶಾಲೆಗಳಲ್ಲಿ ಇಂಥ ಪುಸ್ತಕಗಳು ಕಪಾಟಿನಲ್ಲಿವೆ. ಓದುವ ಗಂಟೆ ವೇಳಾಪಟ್ಟಿಯಲ್ಲಿಲ್ಲ.

ಮಹಾರಾಷ್ಟ್ರಕ್ಕೆ ಹೊಂದಿದ ಈ ಗಡಿನಾಡಿನಲ್ಲಿ ಇದರ ಜೊತೆ ಇನ್ನೊಂದು ತೊಡಕಿದೆ. ಅದರ ಬಗ್ಗೆ ಮಾತಾಡುವವರು ಕಡಿಮೆ, ಆದ್ದರಿಂದ ನಾನು ತುಸು ಹೆಚ್ಚೇ ಮಾತಾಡುತ್ತೇನೆ. ಐನಾಪುರದ ಮಗುವಿನ ಬಾಯಲ್ಲಿ ಶಾಲೆ ‘ಸಾಲಿ’, ಮನೆ ‘ಮನಿ’, ಎಮ್ಮೆ ‘ಎಮ್ಮಿ’, ಮಳೆ ‘ಮಳಿ’, ಹೊಳೆ ‘ಹೊಳಿ’. ‘ನಮ್ಮ ಮನಿ ಹೊಳಿ ದಂಡಿಗೆ ಐತಿ’ ಎಂದು ಮೂರನೇ ತರಗತಿಯ ಹುಡುಗಿ ತಾನಾಗಿ ಬರೆದಳೆನ್ನಿ. ಪುಸ್ತಕದ ಕನ್ನಡವನ್ನೇ ಅಳತೆಗೋಲು ಮಾಡಿಕೊಂಡರೆ ಐದು ಶಬ್ದಗಳಲ್ಲಿ ನಾಲ್ಕಕ್ಕೆ ಕೆಂಪು ಶಾಯಿ ಬೀಳುತ್ತದೆ, ‘ನಮ್ಮ’ ಒಂದೇ ಉಳಿಯುತ್ತದೆ. ಆ ಹುಡುಗಿ ಮತ್ತೆ ತಾನಾಗಿ ವಾಕ್ಯ ಬರೆಯುವುದಿಲ್ಲ. ಹಲಗೆಯ ಮೇಲಿದ್ದದ್ದನ್ನು ನೋಡಿ ಬರೆಯುತ್ತಾಳೆ. ಅಕ್ಷರ ದುಂಡಗಿರುತ್ತದೆ, ತಪ್ಪಿರುವುದಿಲ್ಲ. ಅದರಲ್ಲಿ ಅವಳ ಮಾತೂ ಇರುವುದಿಲ್ಲ.

ಅವಳು ಮಾಡಿದ್ದು ತಪ್ಪೇ ಅಲ್ಲ, ಬಲು ಕ್ರಮಬದ್ಧವಾದ ಮಾತು. ಪುಸ್ತಕದಲ್ಲಿ ‘ಎ’ಯಿಂದ ಮುಗಿಯುವ ಶಬ್ದ ಉತ್ತರ ಕರ್ನಾಟಕದ ಮಾತಿನಲ್ಲಿ ‘ಇ’ಯಿಂದ ಮುಗಿಯುತ್ತದೆ. ತಲೆ–ತಲಿ, ಎಲೆ–ಎಲಿ, ಬೆಲೆ–ಬೆಲಿ. ಕುರಿ, ನರಿ ಎರಡು ಕಡೆಯೂ ಹಾಗೇ ಉಳಿಯುತ್ತವೆ. ಅರ್ಧ ಗಂಟೆಯಲ್ಲಿ ಆಟದ ಹಾಗೆ ತೋರಿಸಿಕೊಡಬಹುದಾದ ನಿಯಮ ಇದು: ಮಾತಿಗೊಂದು ಸಾಲು, ಪುಸ್ತಕಕ್ಕೊಂದು ಸಾಲು. ಎರಡೂ ಕನ್ನಡವೇ ಎಂದು ಗೊತ್ತಾದ ಮಗು ಎರಡರ ನಡುವೆ ಸಲೀಸಾಗಿ ಓಡಾಡುತ್ತದೆ. ಮನೆಯಲ್ಲಿ ಮರಾಠಿಯೂ ಆಡುವ, ಸಂತೆಗೆ ಮೀರಜಿಗೆ ಹೋಗಿಬರುವ ಮಕ್ಕಳಿಗೆ ಎರಡು ಮಾತಿನ ನಡುವೆ ಓಡಾಡುವುದು ಹೊಸತೇನಲ್ಲ. ‘ಹೊಳಿ ಬಂತು’ ಎಂದರೆ ಇಲ್ಲಿ ಪ್ರವಾಹ ಬಂತು ಎಂದರ್ಥ. 2019ರಲ್ಲಿ, 2021ರಲ್ಲಿ ಹಾಗೆ ಹೊಳಿ ಬಂದದ್ದನ್ನು ಕಂಡ ಸೀಮೆಯಲ್ಲಿ ಪರಿಸರ ಅಧ್ಯಯನದ ನೀರಿನ ಪಾಠವನ್ನು ಈ ಎರಡು ಶಬ್ದಗಳಿಂದ ಶುರು ಮಾಡಿದರೆ ಮಕ್ಕಳು ಮಾತಾಡುವುದನ್ನು ನಿಲ್ಲಿಸಲಾರರು.

ಈ ಸೀಮೆಗೆ ಕನ್ನಡ ಶಾಲೆ ಪುಕ್ಕಟೆಯಾಗಿ ಬಂದದ್ದಲ್ಲ. ಮುಂಬೈ ಪ್ರಾಂತ್ಯದ ಆಡಳಿತದಲ್ಲಿ ಬೆಳಗಾವಿ, ಧಾರವಾಡದ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಗಿದ್ದ 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ‘ಕನ್ನಡ ಸಾಲಿ’ ಎಂಬ ಹೆಸರಿನಲ್ಲೇ ಆ ನೆನಪು ಉಳಿದಿದೆ. ಮನೆಯ ಮಾತಿಗೆ ಶಾಲೆಯಲ್ಲಿ ಜಾಗ ಸಿಗಬೇಕೆಂಬ ಅದೇ ವಾದವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕಾಗಿದೆ.

ಇನ್ನು ಕಾರ್ಯಕ್ರಮಗಳ ಮಾತು. ಕರ್ನಾಟಕದಲ್ಲಿ ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗು ತರಗತಿಯ ಕೋಣೆಯಲ್ಲಿ ಮೊದಲ ಸಲ ಕೂತದ್ದು ಎರಡನೇ ತರಗತಿಯ ನಡುವಿನಲ್ಲಿ. ನಡುವೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಬಂತು, ಸೋಂಕಿನ ಭಯದಲ್ಲಿ ನಿಂತಿತು. 2022–23ರಲ್ಲಿ ‘ಕಲಿಕಾ ಚೇತರಿಕೆ’ಯ ಹಾಳೆಗಳು ಬಂದವು. ಒಂದನೇ ತರಗತಿಗೆ ‘ವಿದ್ಯಾಪ್ರವೇಶ’, ವರ್ಷಾರಂಭಕ್ಕೆ ‘ಸೇತುಬಂಧ’, ನಾಲ್ಕು–ಐದಕ್ಕೆ ‘ಗಣಿತ ಕಲಿಕಾ ಆಂದೋಲನ’ ಮತ್ತು ‘ಓದು ಕರ್ನಾಟಕ’, ಕ್ಲಸ್ಟರಿಗೆ ‘ಕಲಿಕಾ ಹಬ್ಬ’, ಫೋನಿನಲ್ಲಿ ಲೆಕ್ಕ ಹೇಳಿಕೊಡುವ ‘ಗಣಿತ ಗಣಕ’, 2025ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ. ಇವುಗಳಲ್ಲಿ ಯಾವುದೂ ಕೆಟ್ಟದ್ದೆಂದು ನಾನು ಹೇಳಲಾರೆ. ಮಗು ಯಾವ ಮಟ್ಟದಲ್ಲಿದೆಯೋ ಅಲ್ಲಿಂದ ಕಲಿಸುವ ‘ಓದು ಕರ್ನಾಟಕ’ದ ತತ್ವವಂತೂ ತೋಟದ ಶಾಲೆಗೆ ಹೇಳಿ ಮಾಡಿಸಿದ್ದು. ಆದರೆ ಪ್ರತಿಯೊಂದಕ್ಕೂ ತರಬೇತಿ ಇದೆ, ದಾಖಲಾತಿ ಇದೆ, ಫೋಟೊ ಕಳಿಸುವುದಿದೆ.

ಇಬ್ಬರು ಶಿಕ್ಷಕರ ಶಾಲೆಯಲ್ಲಿ ಈ ಲೆಕ್ಕ ಸರಳ. ಒಬ್ಬರು ಒಂದರಿಂದ ಮೂರು, ಇನ್ನೊಬ್ಬರು ನಾಲ್ಕು–ಐದು. ಇಬ್ಬರಲ್ಲಿ ಒಬ್ಬರೇ ಮುಖ್ಯಶಿಕ್ಷಕರು: ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ಭರ್ತಿ, ಕಾಗವಾಡದ ಬಿಇಒ ಕಚೇರಿಯ ಸಭೆ ಎಲ್ಲ ಅವರದೇ. ಅವರು ಒಂದು ದಿನ ಹೊರಗೆ ಹೋದರೆ ಐದೂ ತರಗತಿ ಒಂದೇ ಕೋಣೆಗೆ ಬರುತ್ತವೆ. ಆ ದಿನ ಏಣಿ ಏರುವವರಿಲ್ಲ, ಪುಸ್ತಕ ತೆರೆಯುವವರಿಲ್ಲ. ಮಕ್ಕಳನ್ನು ಹಿಡಿದು ಕೂರಿಸಿದರೆ ಅದೇ ದೊಡ್ಡದು. ಇದರ ಮೇಲೆ 2025ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಹೋಗಬೇಕಾಯಿತು, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ದಿನಗಳು ಯಾರ ಖಾತೆಯಿಂದ ಕಳೆದವು ಎಂದು ಕೇಳುತ್ತಿದ್ದೇನೆ. ಮನೆಪಾಠಕ್ಕೆ ಹೋಗುವ ಪೇಟೆಯ ಮಗುವಿಗೆ ಅಷ್ಟು ದಿನ ತಪ್ಪಿದರೂ ನಡೆಯುತ್ತದೆ. ತೋಟದ ಮಗುವಿಗೆ ಶಾಲೆ ಬಿಟ್ಟರೆ ಓದಿಸುವ ಇನ್ನೊಂದು ಜಾಗವಿಲ್ಲ.

ದಸರಾ ರಜೆ ಮುಗಿಯುತ್ತಿದ್ದಂತೆ ಕಬ್ಬಿನ ಹಂಗಾಮು ಶುರುವಾಗುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ, ಜೊತೆಗೆ ಮಕ್ಕಳೂ. ಆ ಮಕ್ಕಳು ಯಾವ ಏಣಿಯ ಯಾವ ಮೆಟ್ಟಿಲಲ್ಲೂ ಇಲ್ಲ. ಅವರ ಕಥೆಗೆ ಇನ್ನೊಂದು ಲೇಖನವೇ ಬೇಕು.

ಪಾಲಕರು ಇದನ್ನೆಲ್ಲ ನೋಡುತ್ತಿದ್ದಾರೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ಗಾಡಿ ತೋಟದ ಕೂಡುರಸ್ತೆಯವರೆಗೆ ಬಂದು ಮಕ್ಕಳನ್ನು ಒಯ್ಯುತ್ತದೆ. ಸರ್ಕಾರ 2019–20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದು ಉತ್ತರ ಕೊಡಲು ನೋಡಿತು. ಮನೆಯ ಮಾತಿನಲ್ಲಿ ಓದು ಗಟ್ಟಿಯಾಗದ ಮಗುವಿಗೆ ಇನ್ನೊಂದು ಭಾಷೆಯ ಓದು ದುಪ್ಪಟ್ಟು ಭಾರ ಎಂದೇ ನನ್ನ ನಂಬಿಕೆ. ಆದರೆ ಪಾಲಕರನ್ನು ದೂರಲಾರೆ. ಮೂರನೇ ತರಗತಿಯ ಮಗಳು ತಡವರಿಸುತ್ತ ಓದುವುದನ್ನು ಕೇಳಿಸಿಕೊಂಡ ತಂದೆಗೆ ಮಾಧ್ಯಮದ ತತ್ವ ಹೇಳಿ ಪ್ರಯೋಜನವಿಲ್ಲ. ಅವಳು ಸರಾಗವಾಗಿ ಓದಿ ತೋರಿಸಬೇಕು.

ಮಕ್ಕಳು ಕಡಿಮೆಯಾದರೆ ಶಾಲೆಗಳನ್ನು ಒಂದುಗೂಡಿಸಿ ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆ ಮಾಡುವ ಮಾತು ಈಗ ಜೋರಾಗಿದೆ. ಪ್ರಯೋಗಾಲಯ, ಮೈದಾನ, ವಿಷಯಕ್ಕೊಬ್ಬ ಶಿಕ್ಷಕರು ಸಿಗುವುದು ದೊಡ್ಡ ತರಗತಿಯ ಮಕ್ಕಳಿಗೆ ಲಾಭವೇ. ಆರು ವರ್ಷದ ಮಗುವಿನ ಲೆಕ್ಕ ಬೇರೆ. ಕಬ್ಬು ಎದೆಮಟ್ಟ ಬೆಳೆದ ದಾರಿ, ಮಳೆಗಾಲದ ಕೆಸರು, ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರು ಇವುಗಳ ನಡುವೆ ಮೂರು ಕಿಲೊಮೀಟರ್ ಎಂದರೆ ಹೆಣ್ಣುಮಕ್ಕಳ ಹಾಜರಾತಿ ಮೊದಲು ಇಳಿಯುತ್ತದೆ. ತೋಟದ ಶಾಲೆಯನ್ನು ಕನಿಷ್ಠ ಮೂರನೇ ತರಗತಿಯವರೆಗಾದರೂ ಮುಟ್ಟಬಾರದು. ಅಲ್ಲಿಗೆ ಬೇಕಾದದ್ದು ಮೂರನೆಯ ಶಿಕ್ಷಕರು. ಅದಾಗದಿದ್ದರೆ ದಾಖಲಾತಿಯ ಕೆಲಸಕ್ಕೆ ಐದಾರು ಶಾಲೆಗಳಿಗೆ ಸೇರಿ ಒಬ್ಬ ಗುಮಾಸ್ತರಾದರೂ ಬರಲಿ. ಎರಡು ವರ್ಷ ಹೊಸ ಹೆಸರಿನ ಯಾವ ಕಾರ್ಯಕ್ರಮವೂ ಬೇಡ. ದಿನಕ್ಕೊಂದು ಗಂಟೆ ಓದಿಗೆ ಮೀಸಲಾಗಲಿ, ಆ ಗಂಟೆಯಲ್ಲಿ ಶಿಕ್ಷಕರನ್ನು ಯಾರೂ ಫೋನಿನಲ್ಲೂ ಕರೆಯದಿರಲಿ.

ಓದಲು ಸರಕು ಸುತ್ತಮುತ್ತಲೇ ಬೇಕಾದಷ್ಟಿದೆ: ಸಿದ್ಧೇಶ್ವರ ಜಾತ್ರೆಯ ಹ್ಯಾಂಡ್‌ಬಿಲ್, ಗೊಬ್ಬರದ ಚೀಲದ ಬರಹ, ಬಸ್ಸಿನ ಫಲಕ. ಲೆಕ್ಕಕ್ಕಂತೂ ಕಬ್ಬಿನ ತೂಕದ ಚೀಟಿಗಿಂತ ಒಳ್ಳೆಯ ಪುಸ್ತಕ ಕಾಣೆ. ತುಂಬಿದ ಗಾಡಿಯ ತೂಕ, ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಕಬ್ಬಿನ ತೂಕ: ಮೂರನೇ ತರಗತಿಯ ಮಕ್ಕಳು ಎಡವುವ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕವೇ ಅದು. 2025ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು, 3,300ಕ್ಕೆ ತೀರ್ಮಾನವಾಯಿತು. ದರ ತೀರ್ಮಾನವಾದರೂ ತೂಕದಲ್ಲಿ ಮೋಸವಾಗುತ್ತದೆಂಬ ದೂರು ಈ ಸೀಮೆಯ ರೈತರ ಬಾಯಲ್ಲಿ ಪ್ರತಿ ಹಂಗಾಮಿನಲ್ಲೂ ಇರುತ್ತದೆ. ಸಂಜೆ ಉಗಾರದ ಕಾರ್ಖಾನೆಯಿಂದ ಮರಳಿದ ಅಪ್ಪ ಜೇಬಿನಿಂದ ತೆಗೆದ ಚೀಟಿಯನ್ನು ಮೂರನೇ ತರಗತಿಯ ಮಗಳ ಕೈಗೆ ಕೊಟ್ಟು ‘ಓದವ್ವಾ’ ಎನ್ನಬೇಕು. ಅವಳು ಮೊದಲು ಓದಿ, ಆಮೇಲೆ ಪಾಟಿಯ ಮೇಲೆ ಕಳೆದು ನೋಡಿ, ‘ಬರೋಬರಿ ಐತಿ’ ಎಂದೋ ‘ಇಲ್ಲಿ ತಪ್ಪೈತಿ’ ಎಂದೋ ಹೇಳಬೇಕು.