ಬಿಚ್ಚಿದ ಮುಡಿ, ಕಟ್ಟಿದ ತುರುಬು

ಇಪ್ಪತ್ತನೆಯ ಶತಮಾನದ ಆರಂಭದ ಸ್ತ್ರೀಯರ ಭಾವಚಿತ್ರಗಳು ಈಚೆಗೆ ಗ್ರಂಥಗಳ ಮುಖಪುಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿವೆ. ಅವುಗಳ ಅಡಿಯಲ್ಲಿ ಸಾಮಾನ್ಯವಾಗಿ ಒಂದೇ ಮಾತು: 'ಸಾಂಪ್ರದಾಯಿಕ ಕೇಶಾಲಂಕಾರ'. ಅಂಕಲಗಿ, ಗೋಕಾಕ, ಹುಕ್ಕೇರಿಗಳ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ವಿಶೇಷಣ ನಿಲ್ಲುವುದಿಲ್ಲ. ಆ ಚಿತ್ರಗಳಲ್ಲಿರುವುದರಲ್ಲಿ ಎಷ್ಟೋ ಭಾಗ ಅಂದಿನ ಹೊಸ ಬೆಡಗು.

ಮೊದಲು ಮಾತನ್ನು ಗಮನಿಸಬೇಕು. ಈ ಸೀಮೆಯಲ್ಲಿ ಬೈತಲೆ ತೆಗೆಯುತ್ತಾರೆ, ಹೆರಳು ಹಾಕುತ್ತಾರೆ, ತುರುಬು ಕಟ್ಟುತ್ತಾರೆ, ಹೂವು ಮುಡಿಯುತ್ತಾರೆ. ಒಂದೊಂದಕ್ಕೂ ಬೇರೆ ಕ್ರಿಯಾಪದ. ಒಂದೊಂದರ ಹಿಂದೆಯೂ ಬೇರೆ ವಯಸ್ಸು, ಬೇರೆ ಸಂದರ್ಭ. ಹೆರಳು ಬಹುಮಟ್ಟಿಗೆ ಹುಡುಗಿಯದು, ಹಬ್ಬದ್ದು, ಮದುವಣಗಿತ್ತಿಯದು; ಹೊಲದಲ್ಲಿ ಬಗ್ಗಿ ದುಡಿಯುವ ಗರತಿಗೆ ತುರುಬೇ ಗತಿ. ಕೂದಲು ಸಾಲದಿದ್ದರೆ ಚೌರಿ, ಹಬ್ಬಕ್ಕೆ ಕೇದಗಿ, ಉಳ್ಳವರ ಮನೆಯಲ್ಲಿ ರಾಗಟೆ. ಇವೆಲ್ಲವನ್ನೂ 'ಕೂದಲಿನ ಗಂಟು' ಎಂದು ಅರ್ಥ ಬರೆದು ಮುಗಿಸುವ ಟಿಪ್ಪಣಿಕಾರರು ಪಠ್ಯಕ್ಕೆ ಮಾಡುವ ಅನ್ಯಾಯ ಸಣ್ಣದಲ್ಲ.

ಬಿಚ್ಚಿದ ಕೂದಲಿನ ವಿಷಯ ಇನ್ನೂ ಗಂಭೀರವಾದುದು. ಗೋಕಾಕವನ್ನು ದಾಟಿದ ಘಟಪ್ರಭೆ ಮುಂದೆ ಸೇರುವುದು ಮುಧೋಳವನ್ನು, ಅಂದರೆ ರನ್ನನ ಮುದುವೊಳಲನ್ನು. ಅವನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯೇ ಭೀಮನ ಛಲಕ್ಕೆ ಮೂಲ. ಬಿಚ್ಚಿದ ಮುಡಿ ಎಂದರೆ ಅವಮಾನ, ಶೋಕ, ತೀರದ ಹಗೆ. ಸಾವಿರ ವರ್ಷಗಳ ಬಳಿಕವೂ ಮನೆಯ ಹಿರಿಯಳು ಸಂಜೆ ತಲೆಬಿಚ್ಚಿಕೊಂಡು ನಿಂತ ಹುಡುಗಿಯನ್ನು ಗದರುತ್ತಿದ್ದುದು ಇದೇ ಅರ್ಥಲೋಕದ ಬಲದಿಂದ.

ಆದರೆ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರು ಹೆಗಲಿನ ಮೇಲೆ ಕೂದಲನ್ನು ಇಳಿಬಿಟ್ಟುಕೊಂಡೇ ದೇವರ ಕೋಣೆಗಳನ್ನು ಪ್ರವೇಶಿಸಿದರು. ಸೊಸೆಗೆ ನಿಷಿದ್ಧವಾದುದು ದೇವಿಗೆ ಶೋಭೆಯಾಯಿತು! ಈ ವಿರೋಧವನ್ನು ಗುರುತಿಸದೆ ಆ ಕಾಲದ ನಾಯಿಕಾವರ್ಣನೆಗಳನ್ನು ಓದುವುದು ಹೇಗೆ?

ಎರಡನೆಯ ಪ್ರಭಾವ ರಂಗಭೂಮಿಯದು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಮಂಡಳಿಯಲ್ಲಿ ಬೆಳೆದು 1913ರಲ್ಲಿ ತಮ್ಮದೇ ಮಂಡಳಿ ಕಟ್ಟಿದ ಬಾಲಗಂಧರ್ವರು ಸ್ತ್ರೀಪಾತ್ರಗಳಲ್ಲಿ ಧರಿಸುತ್ತಿದ್ದ ಸೀರೆ, ತುರುಬು, ಅದಕ್ಕೆ ಸುತ್ತುತ್ತಿದ್ದ ಹೂಮಾಲೆಗಳನ್ನು ಪ್ರತಿಷ್ಠಿತ ಕುಟುಂಬಗಳ ಸ್ತ್ರೀಯರು ಅನುಕರಿಸಿದರು. ಮುಂಬಯಿ ಪ್ರಾಂತ್ಯದಲ್ಲಿ ಕುಲೀನ ಸ್ತ್ರೀಯ ತುರುಬು ಹೇಗಿರಬೇಕೆಂಬುದನ್ನು ಒಬ್ಬ ಪುರುಷ ರಂಗದ ಮೇಲೆ ನಿಂತು ನಿರ್ಣಯಿಸಿದ ಪ್ರಸಂಗವಿದು. ಇದನ್ನು ಪರಂಪರೆ ಎನ್ನುವವರು ಪರಂಪರೆಯ ವ್ಯಾಖ್ಯೆಯನ್ನೇ ತಿದ್ದಬೇಕಾದೀತು.

ಭಾವಚಿತ್ರಗಳ ಅತಿದೊಡ್ಡ ದೋಷವಿರುವುದು ಅವು ತೋರಿಸದೆ ಬಿಟ್ಟುದರಲ್ಲಿ. ಅದೇ ದಶಕಗಳಲ್ಲಿ ಬ್ರಾಹ್ಮಣ ಮನೆಗಳ ಎಷ್ಟೋ ವಿಧವೆಯರು ಕೇಶವಪನಕ್ಕೆ ತಲೆಯೊಡ್ಡಿ, ಸೆರಗು ಹೊದ್ದು ಅಡುಗೆಮನೆಯ ಹಿಂದೆ ಉಳಿದರು. 'ಸಕೇಶಿ' ಎಂಬ ಪದ ಹುಟ್ಟಿದ್ದೇ ಕೂದಲನ್ನು ಉಳಿಸಿಕೊಂಡ ವಿಧವೆಯನ್ನು ಬೇರೆಯಾಗಿ ಗುರುತಿಸಬೇಕಾದುದರಿಂದ. ಮಲೆನಾಡಿನ ಅಂಥ ಒಂದು ಬಾಳು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ದಲ್ಲಿ ದಾಖಲಾಗುವ ಹೊತ್ತಿಗೆ 1976 ಬಂದಿತ್ತು. ಒಕ್ಕಲುತನದ ಸಮುದಾಯಗಳಲ್ಲಿ ಉಡಿಕೆಯ ಪದ್ಧತಿಯಿದ್ದುದರಿಂದ ಅಲ್ಲಿಯ ವಿಧವೆಯ ಸ್ಥಿತಿ ಬೇರೆ. ಜೈನ ಆರ್ಯಿಕೆಯ ಕೇಶಲೋಚವನ್ನು ಇದರೊಡನೆ ಬೆರೆಸುವುದಂತೂ ಸಲ್ಲದು: ಅದು ದೀಕ್ಷಿತಳು ತಾನಾಗಿ ಕೈಯಿಂದ ಕಿತ್ತೊಗೆಯುವ ಮೋಹ, ಇದು ಪರರು ಕತ್ತಿಯಿಂದ ಕಿತ್ತುಕೊಂಡ ಬದುಕು. ನೋಟಕ್ಕೆ ಎರಡೂ ಬೋಳುತಲೆಯೇ. ಕಾವ್ಯದಲ್ಲಿ ಒಂದು ಶಾಂತಕ್ಕೆ, ಇನ್ನೊಂದು ಕರುಣಕ್ಕೆ ಸಲ್ಲುತ್ತದೆ.

ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಬೆಟಗೇರಿ ಕೃಷ್ಣಶರ್ಮರು, ಅಂದರೆ 'ಆನಂದಕಂದ'ರು, ತಮ್ಮ 'ನಲ್ವಾಡುಗಳು' ಸಂಕಲನದಲ್ಲಿ ಈ ಸೀಮೆಯ ಆಡುನುಡಿಗೆ ಕಾವ್ಯದ ಗೌರವ ತಂದರು. ಅವರ ಮೇಲೆ ಪ್ರಬಂಧ ಸಿದ್ಧಪಡಿಸುವ ವಿದ್ಯಾರ್ಥಿಗಳು ಛಂದಸ್ಸು, ದೇಸಿ, ನವೋದಯಗಳ ಚರ್ಚೆಗೆ ನೂರಾರು ಪುಟ ಮೀಸಲಿಡುತ್ತಾರೆ. ಅಂಕಲಗಿಯ ಯಾವುದಾದರೊಂದು ಕಟ್ಟೆಯ ಮೇಲೆ ಕುಳಿತು ಮೊಮ್ಮಗಳಿಗೆ ಹೆರಳು ಹಾಕುವ ಅಜ್ಜಿಯನ್ನು ಮಾತನಾಡಿಸಿ, ಎಷ್ಟು ಕಾಲಿನ ಹೆರಳಿಗೆ ಏನು ಹೆಸರು, ಯಾವ ದಿನ ತಲೆ ಬಾಚಬಾರದು, ಯಾರು ಹೂ ಮುಡಿಯುವಂತಿರಲಿಲ್ಲ ಎಂದು ಬರೆದುಕೊಳ್ಳಲು ಒಂದು ವಾರ ಸಾಕು. ಆ ಅಜ್ಜಿಯರಿಗೆ ಈಗ ಎಂಬತ್ತು ದಾಟಿದೆ.