ಮುಚ್ಚಿಹೋಗುವ ಭಯದಲ್ಲೇ ಬೆಳೆದ ಪಡೆ

ನಾಯಕತ್ವದ ಬಗ್ಗೆ ಯಾವ ಆಫೀಸಿನಲ್ಲಿ ತರಬೇತಿ ಇಟ್ಟರೂ ಒಂದಲ್ಲ ಒಂದು ಸ್ಲೈಡಿನಲ್ಲಿ ಅಮೆರಿಕದ ಮರೀನ್ ಕೋರ್ ಬಂದೇ ಬರುತ್ತೆ. ಬೋಳಿಸಿದ ತಲೆ, ಬಿಗಿದ ದವಡೆ, ಕೆಸರಲ್ಲಿ ತೆವಳುವ ಹುಡುಗರು. ಇವರಲ್ಲಿ ಅಧಿಕಾರಿಗಳು ಎಲ್ಲರ ಊಟ ಆದ ಮೇಲೆ ಊಟ ಮಾಡ್ತಾರಂತೆ, ಅದಕ್ಕೊಂದು ಸ್ಲೈಡು. (ನಮ್ಮ ಕಡೆ ಮದುವೆಮನೆಯಲ್ಲಿ ಹೆಣ್ಣಿನ ಅಪ್ಪ ಕೊನೇ ಪಂಕ್ತಿಗೆ ಕೂರೋದರ ಬಗ್ಗೆ ಯಾರೂ ಸ್ಲೈಡು ಮಾಡಿಲ್ಲ, ಇರಲಿ :)) ಇದನ್ನೆಲ್ಲ ನೋಡಿದಾಗ ನನಗನ್ನಿಸೋದು ಇಷ್ಟೇ: ಆ ಪಡೆಯಿಂದ ಕಲಿಯೋಕೆ ನಿಜವಾಗಿಯೂ ಏನೋ ಇದೆ. ನಾವು ಮಾತ್ರ ಅದರ ಜಾಹೀರಾತನ್ನ ಬಾಯಿಪಾಠ ಮಾಡ್ತಿದ್ದೀವಿ.

ಮರೀನ್‌ಗಳನ್ನ ಕನ್ನಡದಲ್ಲಿ ಏನಂತ ಕರೀಬೇಕೋ ತಿಳಿಯಲ್ಲ. ನೌಕಾಪಡೆ ಅಂದ್ರೂ ತಪ್ಪು, ಭೂಸೇನೆ ಅಂದ್ರೂ ತಪ್ಪು. ಆಡಳಿತದ ಲೆಕ್ಕದಲ್ಲಿ ನೌಕಾ ಇಲಾಖೆಯ ಕೆಳಗಿದ್ದಾರೆ, ಕಾದಾಡೋದು ಹೆಚ್ಚಾಗಿ ನೆಲದ ಮೇಲೆ, ಜೊತೆಗೆ ಸ್ವಂತ ಯುದ್ಧವಿಮಾನಗಳೂ ಇವೆ. ಕಾಯಂ ಸೇವೆಯಲ್ಲಿ ಇರೋದು ಸುಮಾರು 1.7 ಲಕ್ಷ ಜನ. ಎಲ್ಲೂ ಪೂರ್ತಿಯಾಗಿ ಸೇರದ ಈ ಎಡಬಿಡಂಗಿತನವೇ ಅವರ ಇಡೀ ಇತಿಹಾಸದ ಬೀಜ. ಭೂಸೇನೆ ಇದೆ, ನೌಕಾಪಡೆ ಇದೆ, ವಾಯುಪಡೆ ಇದೆ, ಹಾಗಾದ್ರೆ ಇವರ್ಯಾಕೆ? ಈ ಪ್ರಶ್ನೆ ಅವರನ್ನ ಹುಟ್ಟಿದಾಗಿನಿಂದ ಅಟ್ಟಿಸಿಕೊಂಡು ಬಂದಿದೆ.

ಹುಟ್ಟಿದ್ದು 1775ರ ನವೆಂಬರ್ 10ಕ್ಕೆ, ಕಾಂಟಿನೆಂಟಲ್ ಕಾಂಗ್ರೆಸ್ಸಿನ ಒಂದು ನಿರ್ಣಯದಿಂದ. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಪಡೆಯನ್ನೇ ವಿಸರ್ಜಿಸಿಬಿಟ್ಟರು. ಮತ್ತೆ ಕಟ್ಟಿದ್ದು 1798ರ ಜುಲೈ 11ರಂದು. ತಮಾಷೆ ಅಂದ್ರೆ, 1921ರವರೆಗೂ ಅವರು ಹುಟ್ಟುಹಬ್ಬ ಅಂತ ಲೆಕ್ಕ ಇಟ್ಟಿದ್ದು ಈ ಜುಲೈ ದಿನವನ್ನೇ. ಜಾನ್ ಲೆಜೂನ್ ಅನ್ನೋ ಕಮಾಂಡೆಂಟ್ ಆ ವರ್ಷ ಒಂದು ಆದೇಶ ಹೊರಡಿಸಿ ಹುಟ್ಟುಹಬ್ಬವನ್ನ ನವೆಂಬರ್ 10ಕ್ಕೆ ತಂದ. ಈಗ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಮರೀನ್‌ಗಳು ಅವತ್ತು ಕೇಕ್ ಕತ್ತರಿಸ್ತಾರೆ. ಅಲ್ಲಿರುವವರಲ್ಲೇ ಹಿರಿಯ ಮರೀನ್ ತನ್ನ ತುಂಡನ್ನ ಅತಿ ಕಿರಿಯವನ ಕೈಗೆ ದಾಟಿಸ್ತಾನೆ. ಅನಾದಿಕಾಲದ್ದು ಅನ್ನಿಸುವ ಈ ಹಬ್ಬದ ದಿನಾಂಕ ಒಂದು ಸುತ್ತೋಲೆಯಿಂದ ಬಂದದ್ದು ನೋಡಿ. ತನ್ನ ಕಥೆಯನ್ನ ತಾನೇ ಬರೆದುಕೊಳ್ಳುವ ಕಲೆ ಇವರಿಗೆ ಮೊದಲಿಂದ ಇದೆ.

ಅದೇ ಲೆಜೂನನ ಕಾಲದಲ್ಲೇ ಇನ್ನೊಂದು ಕೆಲಸ ಸದ್ದಿಲ್ಲದೆ ಶುರುವಾಯ್ತು. ಪೀಟ್ ಎಲ್ಲಿಸ್ ಅಂತ ಒಬ್ಬ ಅಧಿಕಾರಿ. ಮಹಾ ಕುಡುಕ, ಮಹಾ ಬುದ್ಧಿವಂತ. ಜಪಾನಿನ ಜೊತೆ ಯುದ್ಧ ಆದರೆ ಶಾಂತಸಾಗರದ ಪುಟ್ಟ ಪುಟ್ಟ ದ್ವೀಪಗಳನ್ನ ಒಂದೊಂದಾಗಿ ಹಿಡಿಯಬೇಕಾಗುತ್ತೆ ಅಂತ 1921ರಲ್ಲೇ ಯೋಜನೆ ಬರೆದಿಟ್ಟ. 1923ರಲ್ಲಿ ಜಪಾನಿನ ಆಡಳಿತದಲ್ಲಿದ್ದ ಪಲಾವು ದ್ವೀಪದಲ್ಲಿ ಸತ್ತ. ಆಗ ಸಮುದ್ರದಿಂದ ದಡಕ್ಕೆ ದಾಳಿ ಅಂದರೆ ಎಲ್ಲರ ಕಣ್ಣಮುಂದೆ ಬರುತ್ತಿದ್ದದ್ದು 1915ರ ಗಲ್ಲಿಪೊಲಿ. ಬ್ರಿಟಿಷರು, ಫ್ರೆಂಚರು, ಆಸ್ಟ್ರೇಲಿಯಾ–ನ್ಯೂಜಿಲೆಂಡಿನವರು ಅಲ್ಲಿ ಸೋತು ಸುಣ್ಣವಾಗಿದ್ದರು. ಬಂದೂಕು ಹಿಡಿದು ಕಾಯುತ್ತಿರುವ ದಡಕ್ಕೆ ಇಳಿಯೋದು ಇನ್ನು ಆಗದ ಮಾತು ಅಂತ ತಜ್ಞರು ಕೈಚೆಲ್ಲಿದ್ದರು.

ಮರೀನ್‌ಗಳಿಗೆ ಅದೇ ಸಿಕ್ಕ ದಾರಿ. ಬೇರೆ ಯಾರಿಗೂ ಬೇಡವಾದ ಕೆಲಸ ತಾನೇ? ಗಲ್ಲಿಪೊಲಿಯನ್ನ ಎಳೆ ಎಳೆಯಾಗಿ ಬಿಡಿಸಿ ಓದಿದರು. 1933ರ ನವೆಂಬರಿನಲ್ಲಿ ವರ್ಜೀನಿಯಾದ ಕ್ವಾಂಟಿಕೊದಲ್ಲಿರೋ ತಮ್ಮ ಶಾಲೆಯ ತರಗತಿಗಳನ್ನೇ ನಿಲ್ಲಿಸಿ, ಮೇಷ್ಟ್ರು ವಿದ್ಯಾರ್ಥಿ ಎಲ್ಲ ಒಟ್ಟಿಗೆ ಕೂತು ಒಂದು ಕೈಪಿಡಿ ಬರೆಯೋಕೆ ಹತ್ತಿದರು. ಹಡಗಿಗೆ ಸಾಮಾನು ತುಂಬುವಾಗ ದಡದಲ್ಲಿ ಮೊದಲು ಬೇಕಾಗುವುದನ್ನ ಕೊನೆಗೆ ತುಂಬಬೇಕು. ಹಡಗಿನ ತೋಪುಗಳು ಯಾವಾಗ ನಿಲ್ಲಬೇಕು, ವಿಮಾನ ಯಾವಾಗ ಬರಬೇಕು, ದಡದ ಮೇಲೆ ಗೊಂದಲ ಆದರೆ ಮಾತು ಯಾರದು... ಇಂಥವು. 1934ರಲ್ಲಿ ಹೊರಬಂದ ಆ ಪುಸ್ತಕದ ಹೆಸರಿನಲ್ಲೇ ‘ತಾತ್ಕಾಲಿಕ’ ಅನ್ನೋ ಪದ ಇತ್ತು. ಬಿಡುಗಡೆ ಮಾಡಿ, ಬಳಸಿ ನೋಡಿ, ತಿದ್ದಿ. ಸಾಫ್ಟ್‌ವೇರಿನ ನಮಗೆ ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮುಂದೆ ಭೂಸೇನೆ ಕೂಡ ತನ್ನ ಕೈಪಿಡಿಗೆ ಇದನ್ನೇ ಹೆಚ್ಚುಕಡಿಮೆ ಎತ್ತಿಕೊಂಡಿತು.

ದೋಣಿಯ ಕಥೆ ಇನ್ನೂ ಚೆಂದ. 1937ರಲ್ಲಿ ವಿಕ್ಟರ್ ಕ್ರುಲಾಕ್ ಅನ್ನೋ ಎಳೇ ಅಧಿಕಾರಿ ಶಾಂಘೈಯಲ್ಲಿದ್ದ. ಜಪಾನೀಯರ ದೋಣಿಗಳ ಮೂತಿ ಚಪ್ಪಟೆಯಾಗಿ ಮುಂದಕ್ಕೆ ಬಿದ್ದು, ಸೈನಿಕರು ಅದರ ಮೇಲೆ ನಡೆದು ಇಳಿಯೋದನ್ನ ನೋಡಿ ಫೋಟೋ ತೆಗೆದು ವಾಷಿಂಗ್ಟನ್ನಿಗೆ ವರದಿ ಕಳಿಸಿದ. ಊರಿಗೆ ವಾಪಸ್ ಬಂದು ಹುಡುಕಿದರೆ ವರದಿ ಕಡತದಲ್ಲಿ ಧೂಳು ತಿನ್ನುತ್ತಿತ್ತಂತೆ. ಚೀನಾದಲ್ಲಿರೋ ಯಾವನೋ ಅರೆಹುಚ್ಚನದ್ದು ಅನ್ನೋ ಅರ್ಥದ ಷರಾ ಬೇರೆ! ಅವನು ಸುಮ್ಮನಾಗಲಿಲ್ಲ, ದೋಣಿಯ ಮಾದರಿ ಮಾಡಿಕೊಂಡು ಮೇಲಿನವರ ಬಾಗಿಲು ಬಡಿದ. ನ್ಯೂ ಆರ್ಲಿಯನ್ಸಿನ ಆಂಡ್ರ್ಯೂ ಹಿಗಿನ್ಸ್ ಕಟ್ಟಿದ ದೋಣಿಗಳಿಗೆ ಅಂಥದೇ ಮೂತಿ ಬಂತು. 1944ರಲ್ಲಿ ನಾರ್ಮಂಡಿಯ ದಡದಲ್ಲಿ ಭೂಸೇನೆಯವರು ಇಳಿದದ್ದೂ ಆ ದೋಣಿಗಳಿಂದಲೇ. ಹಾಗಂತ ಪುಸ್ತಕ ಬರೆದ ಕೂಡಲೇ ಎಲ್ಲ ಸಲೀಸಾಗಲಿಲ್ಲ. 1943ರ ನವೆಂಬರಿನಲ್ಲಿ ತರಾವಾದಲ್ಲಿ ನೀರು ಇಳಿದು ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಹಾಕಿಕೊಂಡವು. ಎದೆಮಟ್ಟ ನೀರಿನಲ್ಲಿ ನಡೆದು ಬಂದವರು ಗುಂಡಿಗೆ ಬಲಿಯಾದರು. ಸುಮಾರು 76 ಗಂಟೆಗಳ ಆ ಕಾಳಗದಲ್ಲಿ ಸಾವಿರದಷ್ಟು ಮರೀನ್‌ಗಳು ಸತ್ತರು.

ಕೆಸರಲ್ಲಿ ತೆವಳೋದಕ್ಕಿಂತ ಇದು ದೊಡ್ಡದು ಅಂತ ನನ್ನ ವಾದ. ಪಾಠ ನಿಲ್ಲಿಸಿ, ಬೇರೆಯವರ ಸೋಲನ್ನ ಓದಿ, ಇನ್ನೂ ಬಾರದ ಯುದ್ಧಕ್ಕೆ ಕೈಪಿಡಿ ಬರೆಯೋದು. ಇದು ಸ್ಲೈಡಿಗೆ ಬರಲ್ಲ, ಫೋಟೋ ಚೆನ್ನಾಗಿರಲ್ಲ ನೋಡಿ.

ಫೋಟೋ ಅಂದಾಗ ನೆನಪಾಯ್ತು. 1945ರ ಫೆಬ್ರವರಿ 23ರಂದು ಇವೊ ಜಿಮಾದ ಬೆಟ್ಟದ ಮೇಲೆ ಬಾವುಟ ಏರಿಸುವ ಆ ಚಿತ್ರ, ಜೋ ರೋಸೆಂಥಾಲ್ ತೆಗೆದದ್ದು. ಅವತ್ತು ಅಲ್ಲಿ ಬಾವುಟ ಏರಿದ್ದನ್ನ ಕಂಡ ನೌಕಾ ಕಾರ್ಯದರ್ಶಿ ಫಾರೆಸ್ಟಲ್, ಇನ್ನು 500 ವರ್ಷ ಮರೀನ್ ಕೋರಿಗೆ ಅಳಿವಿಲ್ಲ ಅಂದನಂತೆ. ವರ್ಷ ಕಳೆಯೋದರೊಳಗೆ ಪಡೆಯನ್ನ ಮೊಟಕು ಮಾಡುವ ಮಾತು ಶುರು! 1946ರಲ್ಲಿ ಕಮಾಂಡೆಂಟ್ ವಾಂಡೆಗ್ರಿಫ್ಟ್ ಸೆನೆಟ್ ಸಮಿತಿಯ ಮುಂದೆ ನಿಂತು, ನಾವು ಮಂಡಿಯೂರಿ ಬೇಡೋರಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಒಂದು ಪತ್ರದಲ್ಲಿ, ಇವರ ಪ್ರಚಾರಯಂತ್ರ ಸ್ಟಾಲಿನ್ನನದಕ್ಕೆ ಸಮ ಅಂತ ಗೀಚಿ, ಗಲಾಟೆಯಾಗಿ, ಕೊನೆಗೆ ಕ್ಷಮೆ ಕೇಳಬೇಕಾಯ್ತು. 1952ರಲ್ಲಿ ಮೂರು ಡಿವಿಷನ್, ಮೂರು ವಿಮಾನ ವಿಭಾಗ ಇರಲೇಬೇಕು ಅಂತ ಕಾಯಿದೆಯೇ ಆಯ್ತು.

ಟ್ರೂಮನ್ ಕ್ಷಮೆ ಕೇಳಿದ್ದು ಸರಿ, ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳಾ? ‘ದೆವ್ವದ ನಾಯಿಗಳು’ ಅನ್ನೋ ಬಿರುದು 1918ರ ಜೂನಿನ ಬೆಲ್ಲೋ ವುಡ್ ಕಾಳಗದಲ್ಲಿ ಬೆದರಿದ ಜರ್ಮನ್ನರು ಕೊಟ್ಟದ್ದು ಅಂತ ಕಥೆ. ಅಮೆರಿಕದ ಪತ್ರಿಕೆಗಳಲ್ಲಿ ಅದು ಏಪ್ರಿಲ್‌ನಲ್ಲೇ ಅಚ್ಚಾಗಿತ್ತು, ಅದೂ ತಪ್ಪು ಜರ್ಮನ್‌ನಲ್ಲಿ. ಪ್ಯಾಂಟಿನ ಕೆಂಪು ಪಟ್ಟಿ 1847ರಲ್ಲಿ ಮೆಕ್ಸಿಕೊದ ಚಾಪುಲ್ಟೆಪೆಕ್‌ನಲ್ಲಿ ಚೆಲ್ಲಿದ ರಕ್ತದ ನೆನಪು ಅಂತಾರೆ, ಪಟ್ಟಿ ಅದಕ್ಕೂ ಮೊದಲೇ ಇತ್ತು. ಬಾವುಟದ ಚಿತ್ರದಲ್ಲಿರುವ ಆರು ಜನ ಯಾರು ಅನ್ನೋದನ್ನೂ 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ತಿದ್ದಬೇಕಾಯ್ತು. ತಪ್ಪನ್ನ ಪತ್ತೆ ಹಚ್ಚಿದ್ದು ಹೊರಗಿನ ಹವ್ಯಾಸಿ ಸಂಶೋಧಕರು. ತಿದ್ದಿಕೊಂಡರಲ್ಲ, ಅದಕ್ಕೆ ಮಾತ್ರ ಮೆಚ್ಚುಗೆ.

ಬಿರುದು, ಪಟ್ಟಿ ಇವೆಲ್ಲ ನಿರುಪದ್ರವಿ. ಆದರೆ ಹೆಸರು ಕಾಪಾಡುವ ಚಟ ಅಲ್ಲಿಗೇ ನಿಲ್ಲಲ್ಲ. 1956ರ ಏಪ್ರಿಲ್ 8ರ ರಾತ್ರಿ ಪ್ಯಾರಿಸ್ ಐಲೆಂಡಿನ ತರಬೇತಿ ಕೇಂದ್ರದಲ್ಲಿ ಒಬ್ಬ ಡ್ರಿಲ್ ಶಿಕ್ಷಕ ತನ್ನ ಹುಡುಗರನ್ನ ಶಿಸ್ತು ಕಲಿಸ್ತೀನಿ ಅಂತ ರಿಬ್ಬನ್ ಕ್ರೀಕ್ ಅನ್ನೋ ಹಿನ್ನೀರಿಗೆ ನಡೆಸಿಕೊಂಡು ಹೋದ. ಆರು ಜನ ಮುಳುಗಿ ಸತ್ತರು. ವಿಚಾರಣೆಯಲ್ಲಿ ಅವನ ಪರವಾಗಿ ಸಾಕ್ಷಿ ಹೇಳೋಕೆ ಬಂದದ್ದು ಪಡೆಯ ದೊಡ್ಡ ದಂತಕತೆ, ಚೆಸ್ಟಿ ಪುಲ್ಲರ್. ಆರು ದಶಕ ಕಳೆದು 2017ರಲ್ಲಿ ಅದೇ ಕೇಂದ್ರದ ಇನ್ನೊಬ್ಬ ಶಿಕ್ಷಕನಿಗೆ, ಹೊಸಬರನ್ನ, ಅದರಲ್ಲೂ ಮುಸ್ಲಿಂ ಹುಡುಗರನ್ನ ಹಿಂಸಿಸಿದ್ದಕ್ಕೆ 10 ವರ್ಷ ಜೈಲು. 2005ರ ನವೆಂಬರ್ 19ರಂದು ಇರಾಕಿನ ಹದಿತಾದಲ್ಲಿ ಮರೀನ್‌ಗಳು ಹೆಂಗಸರು ಮಕ್ಕಳೂ ಸೇರಿ 24 ನಾಗರಿಕರನ್ನ ಕೊಂದರು. ಮೊದಲ ಪತ್ರಿಕಾ ಹೇಳಿಕೆಯಲ್ಲಿ ಇದ್ದದ್ದು, 15 ನಾಗರಿಕರು ರಸ್ತೆಬದಿಯ ಬಾಂಬಿಗೆ ಬಲಿ ಅಂತ. ಎಂಟು ಜನರ ಮೇಲೆ ಆರೋಪ ಬಂತು. ಕೊಂದದ್ದಕ್ಕೆ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಒಬ್ಬ 2012ರಲ್ಲಿ ಕರ್ತವ್ಯಲೋಪ ಒಪ್ಪಿಕೊಂಡ, ಜೈಲಿಗೆ ಹೋಗಲಿಲ್ಲ. ‘ನಮ್ಮವರನ್ನ ನಾವು ಬಿಟ್ಟುಕೊಡಲ್ಲ’ ಅಂತ ಎದೆ ತಟ್ಟಿ ಹೇಳೋ ಮ್ಯಾನೇಜರುಗಳು ಈ ಕಡತವನ್ನೂ ಒಮ್ಮೆ ಓದಬೇಕು.

ಇನ್ನು ‘ನಾವೆಲ್ಲ ಒಂದೇ’ ಅನ್ನೋ ಮಾತು. 1942ರವರೆಗೆ ಕರಿಯರಿಗೆ ಈ ಪಡೆಯ ಬಾಗಿಲು ಮುಚ್ಚಿತ್ತು. ತೆರೆದ ಮೇಲೂ ಮಾಂಟ್‌ಫರ್ಡ್ ಪಾಯಿಂಟ್ ಅಂತ ಬೇರೆಯೇ ಶಿಬಿರ. 1949ರವರೆಗೆ ಸುಮಾರು 20 ಸಾವಿರ ಜನ ಅಲ್ಲಿ ತಯಾರಾದರು. ಕರಿಯ ಮರೀನ್ ಒಬ್ಬ ನಾಲ್ಕು ನಕ್ಷತ್ರದ ಜನರಲ್ ಆಗೋಕೆ 2022 ಬರಬೇಕಾಯ್ತು.

ಇಷ್ಟೆಲ್ಲ ಬೈದರೂ ನನಗೆ ಇವರ ಮೇಲಿನ ಗೌರವ ಪೂರ್ತಿ ಹೋಗಿಲ್ಲ. ಕಾರಣ, ಕ್ವಾಂಟಿಕೊದ ಆ ಓದುವ ಗುಣ ಆಗಾಗ ತಲೆ ಎತ್ತುತ್ತೆ. ಅಲ್ ಗ್ರೇ ಅಂತ ಒಬ್ಬ ಕಮಾಂಡೆಂಟ್, ಸಾಮಾನ್ಯ ಸಿಪಾಯಿಯಾಗಿ ಸೇರಿ ಮೇಲೆ ಬಂದವನು. 1989ರಲ್ಲಿ ‘ವಾರ್‌ಫೈಟಿಂಗ್’ ಅನ್ನೋ ಪುಟ್ಟ ಪುಸ್ತಕ ಹೊರಡಿಸಿದ. ಯುದ್ಧ ಅಂದ್ರೆ ಗೊಂದಲ, ಮೇಲಿನವನು ಉದ್ದೇಶ ಹೇಳಲಿ, ದಾರಿಯನ್ನ ಸ್ಥಳದಲ್ಲಿರುವವನು ಹುಡುಕಲಿ, ಅನ್ನೋದು ಅದರ ತಿರುಳು. ಸಿಪಾಯಿಯಿಂದ ಜನರಲ್‌ವರೆಗೆ ಯಾರು ಯಾವ ಪುಸ್ತಕ ಓದಬೇಕು ಅನ್ನೋ ಪಟ್ಟಿ ಶುರು ಮಾಡಿದ್ದೂ ಅವನೇ.

2020ರಲ್ಲಿ ಇನ್ನೊಬ್ಬ ಕಮಾಂಡೆಂಟ್ ಡೇವಿಡ್ ಬರ್ಗರ್ ಎದ್ದು, ನಮಗೆ ಟ್ಯಾಂಕ್ ಬೇಡ ಅಂದ. ಇದ್ದಬದ್ದ ಟ್ಯಾಂಕುಗಳನ್ನೆಲ್ಲ ಬಿಟ್ಟುಕೊಟ್ಟ, ತೋಪುಗಳನ್ನ ಕಡಿಮೆ ಮಾಡಿದ. ಬದಲಿಗೆ ಪೂರ್ವ ಏಷ್ಯಾದ ದ್ವೀಪಗಳಲ್ಲಿ ಸಣ್ಣ ಸಣ್ಣ ತುಕಡಿ, ಹಡಗಿಗೆ ಹೊಡೆಯುವ ಕ್ಷಿಪಣಿ, ಡ್ರೋನು. 2022ರ ಹೊತ್ತಿಗೆ ನಿವೃತ್ತ ಜನರಲ್‌ಗಳು ದಂಡುಕಟ್ಟಿ ಪತ್ರಿಕೆಗಳಲ್ಲಿ ಬರೆದರು, ಪಡೆಯ ಸ್ವರೂಪವೇ ಹಾಳಾಯ್ತು ಅಂತ. ಯುಕ್ರೇನಿನ ಯುದ್ಧವನ್ನ ಇಬ್ಬರೂ ತಮ್ಮ ತಮ್ಮ ವಾದಕ್ಕೆ ಎಳೆದುಕೊಂಡರು. ನನ್ನ ಓಟು ಬರ್ಗರ್‌ಗೆ. ಅವನ ಲೆಕ್ಕ ಸರಿಯೋ ತಪ್ಪೋ, ಆ ಯುದ್ಧ ಬಾರದೇ ಇರಲಿ ಅಂತಲೇ ನನ್ನಾಸೆ. ಆದರೆ ಪೀಟ್ ಎಲ್ಲಿಸ್ ತನ್ನ ಯೋಜನೆ ಬರೆದಾಗಲೂ ಪರ್ಲ್ ಹಾರ್ಬರ್ ಇನ್ನೂ 20 ವರ್ಷ ದೂರ ಇತ್ತು.